ಜಲಪರೀಕ್ಷೆಯಲ್ಲಿ ಸಸ್ಯವರ್ಣಗಳ ಉಪಯೋಗ ಮತ್ತು ಮಿತಿ

ನೋಟಕ್ಕೆ ತಿಳಿಯಾದ ನೀರೆಲ್ಲವೂ ಕುಡಿಯಲು ಯೋಗ್ಯವಲ್ಲವೆಂಬುದು ಎಲ್ಲರೂ ಬಲ್ಲ ಮಾತು. ದಾವಣಗೆರೆಯ ದಕ್ಷಿಣಕ್ಕಿರುವ ಹದಡಿಯಂತಹ ಗ್ರಾಮಗಳಲ್ಲಿ ಪ್ರತಿಯೊಂದು ಬಾವಿಯ ನೀರನ್ನೂ ಆಗಿಂದಾಗ್ಗೆ ಪ್ರಯೋಗಶಾಲೆಗೆ ಕಳುಹಿಸುವುದು ಸುಲಭಸಾಧ್ಯವಲ್ಲ. ಆದುದರಿಂದ ಹಿತ್ತಲಿನ ಹೂವು, ಬೇರುಗಳ ಬಣ್ಣದಿಂದಲೇ ನೀರನ್ನು ಪರೀಕ್ಷಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ. ಈ ವರ್ಣಗಳು ಏನನ್ನು ತಿಳಿಸಬಲ್ಲವು, ಏನನ್ನು ತಿಳಿಸಲಾರವು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ಆರತಿಯ ಓಕುಳಿಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬೆರೆತೊಡನೆ ಕೆಂಪೇರುವುದನ್ನು ನಮ್ಮ ಮನೆಗಳಲ್ಲಿ ನೋಡದವರಿಲ್ಲ. ಅರಿಸಿನದ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದಲ್ಲಿ ಹೀಗೆ ಮಾರ್ಪಡುತ್ತದೆ. ದಾಸವಾಳದ ಎಸಳಿನಲ್ಲಿರುವ ಆಂಥೊಸಯನಿನ್ ಆಮ್ಲದಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ಹಸಿರಾಗಿಯೂ ತೋರುತ್ತದೆ. 1664ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ವರ್ಣವಿಷಯಕ ಗ್ರಂಥದಲ್ಲಿ ವಯೊಲೆಟ್ ಹೂವಿನ ಪಾಕದ ಇಂತಹುದೇ ಗುಣವು ವಿವರಿಸಲ್ಪಟ್ಟಿದೆ.

ಪರೀಕ್ಷೆಯ ಕ್ರಮ ಸರಳವಾದುದು. ಎಸಳುಗಳನ್ನು ಭಟ್ಟಿಯಿಳಿಸಿದ ನೀರಿನಲ್ಲಿ ಕಾಯಿಸಿ, ಶೋಧಿಸಿ, ಆ ರಸದಲ್ಲಿ ಸೋಸುಕಾಗದವನ್ನು ಅದ್ದಿ ನೆರಳಿನಲ್ಲಿ ಒಣಗಿಸಬೇಕು. ಬೆಳಕಿಗೂ ಶಾಖಕ್ಕೂ ಈ ವರ್ಣ ಕೆಡುವುದರಿಂದ ಕಾಗದವನ್ನು ಕತ್ತಲೆಯಲ್ಲಿಡತಕ್ಕದ್ದು. ಪರೀಕ್ಷಿಸಬೇಕಾದ ನೀರಿನಲ್ಲಿ ಒಂದು ಪಟ್ಟಿಯನ್ನೂ ಭಟ್ಟಿಯಿಳಿಸಿದ ನೀರಿನಲ್ಲಿ ಇನ್ನೊಂದನ್ನೂ ಅದ್ದಿ ಹೋಲಿಸಬೇಕು. ಬ್ಲೀಚಿಂಗ್ ಪುಡಿ ಹೆಚ್ಚಾಗಿದ್ದರೆ ಬಣ್ಣವೇ ಮಾಸಿಹೋಗುವುದುಂಟು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗಿರಬೇಕು. ಅರಿಸಿನವು ಸುಮಾರು 7.5ರಿಂದ 8.5ರ ನಡುವೆ ಬಣ್ಣ ಬದಲಿಸುವುದರಿಂದ, ಸ್ಪಷ್ಟವಾಗಿ ಕೆಂಪಾದ ಪಟ್ಟಿ ಎಚ್ಚರಿಕೆಯ ಸೂಚನೆಯೇ ಸರಿ.

ಆದರೆ ನಮ್ಮ ಜಿಲ್ಲೆಯ ಮುಖ್ಯ ಆತಂಕ ಬೇರೆಯದು. ಜಗಳೂರು ಸೀಮೆಯ ಕೊಳವೆಬಾವಿಗಳಲ್ಲಿ ಕಾಣಬರುವ ಫ್ಲೋರೈಡನ್ನು ದಾಸವಾಳವಾಗಲಿ ಅರಿಸಿನವಾಗಲಿ ತೋರಿಸಲಾರದು. ಲೀಟರಿಗೆ 1 ಮಿಲಿಗ್ರಾಂ ಇದರ ಅಂಗೀಕೃತ ಮಿತಿ. ಬೇರೆ ಜಲಮೂಲವಿಲ್ಲದೆಡೆ 1.5 ಮಿಲಿಗ್ರಾಂ. ಮಿತಿಮೀರಿದ ನೀರನ್ನು ಬಹುಕಾಲ ಸೇವಿಸಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡಿ, ಕ್ರಮೇಣ ಮೂಳೆಗಳೂ ಬಾಧೆಗೊಳಗಾಗುತ್ತವೆ. ಕುದಿಸುವುದರಿಂದ ಫ್ಲೋರೈಡ್ ಹೋಗದು; ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ.

ಇಲ್ಲಿಯೂ ಸಸ್ಯವರ್ಣವೊಂದು ನೆರವಾಗಿರುವುದು ಗಮನಾರ್ಹ. ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಮ್ಯಾಡರ್ ಗಿಡದ ಬೇರಿನಿಂದ ದೊರೆಯುತ್ತಿದ್ದ ಅಲಿಜರಿನ್ ಎಂಬ ವರ್ಣವನ್ನು 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಕೃತಕವಾಗಿ ತಯಾರಿಸಿದರು. ಇದರ ಒಂದು ಜನ್ಯವು ಆಮ್ಲಯುತ ದ್ರಾವಣದಲ್ಲಿ ಜಿರ್ಕೋನಿಯಂ ಲವಣದೊಡನೆ ಕೂಡಿ ಕೆಂಪಾಗುತ್ತದೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ತನ್ನೆಡೆಗೆ ಸೆಳೆದುಕೊಂಡಾಗ ಕೆಂಪು ಕುಂದಿ ಹಳದಿ ಉಳಿಯುತ್ತದೆ. ಪ್ರಮಾಣವನ್ನು ಅರಿಯಲು ತಿಳಿದ ಪ್ರಮಾಣದ ದ್ರಾವಣಗಳೊಡನೆ ಹೋಲಿಸಬೇಕು. ಫಾಸ್ಫೇಟ್, ಸಲ್ಫೇಟ್, ಅಲ್ಯೂಮಿನಿಯಂಗಳು ಫಲಿತಾಂಶವನ್ನು ತಪ್ಪಿಸಬಹುದಾದ್ದರಿಂದ ಇದು ಪ್ರಯೋಗಶಾಲೆಯ ಕೆಲಸವೇ ಹೊರತು ಅಡಿಗೆಮನೆಯದಲ್ಲ.

ಹೀಗಾಗಿ, ಬಣ್ಣ ಬದಲಾದರೆ ಆ ನೀರನ್ನು ಶೀಘ್ರವಾಗಿ ಪರೀಕ್ಷೆಗೆ ಕಳುಹಿಸಬೇಕು. ಬದಲಾಗದಿದ್ದರೆ ಅದು ನಿರಪಾಯವೆಂದು ಎಣಿಸಕೂಡದು. ಹೂವಿನ ಪಟ್ಟಿ ಶಂಕೆಯನ್ನು ಹುಟ್ಟಿಸಬಲ್ಲದು. ಅದನ್ನು ಪರಿಹರಿಸುವ ಶಕ್ತಿ ಅದಕ್ಕಿಲ್ಲ.