ಪರದೇಶಕ್ಕೆ ಹೊರಡುವ ಮುನ್ನ



ನಮ್ಮ ಆನವಟ್ಟಿ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ದೂರದ ಪ್ರಯಾಣವೆಂದರೆ ಕಾಶಿಯಾತ್ರೆ. ಈಗ ಮಗ ದುಬೈಯಲ್ಲಿ ಕೆಲಸಕ್ಕೆ ಸೇರುತ್ತಾನೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕು ಎಂಬ ಮಾತು ಸಂತೆಯಲ್ಲಿಯೂ ಕೇಳಿಬರುತ್ತದೆ. ಹೋಗುವುದು ಸಂತೋಷವೇ. ಆದರೆ ಟಿಕೆಟ್ಟಿಗೆ ಹಣ ಕಟ್ಟಿದ ಮೇಲೆ ಕಾಗದಪತ್ರ ಹುಡುಕುವುದು, ಮಳೆ ಬಿದ್ದ ಮೇಲೆ ಬಿತ್ತನೆ ಬೀಜ ಹುಡುಕಿದ ಹಾಗೆ.

ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ. ಇವನು ನಮ್ಮ ದೇಶದ ಪ್ರಜೆ ಎಂದು ಭಾರತ ಸರ್ಕಾರ ಕೊಡುವ ರಹದಾರಿಯೇ ಪಾಸ್‌ಪೋರ್ಟ್. ನಮ್ಮ ನೆಲಕ್ಕೆ ಬರಬಹುದು ಎಂದು ಆ ಇನ್ನೊಂದು ದೇಶ ಕೊಡುವ ಅಪ್ಪಣೆಯೇ ವೀಸಾ. ನಿಮ್ಮ ಜಮೀನಿನ ಪಹಣಿ ನಿಮ್ಮ ಕೈಯಲ್ಲಿದ್ದ ಮಾತ್ರಕ್ಕೆ ಪಕ್ಕದವನ ತೋಟ ಹೊಗಲು ಅಪ್ಪಣೆ ಸಿಕ್ಕಂತಾಗಲಿಲ್ಲವಷ್ಟೆ. ಆ ಅಪ್ಪಣೆಯೂ ಇಂಥ ಕೆಲಸಕ್ಕೆ, ಇಷ್ಟು ದಿನಕ್ಕೆ ಎಂದು ಗೊತ್ತಾಗಿರುತ್ತದೆ. ನೆಂಟರನ್ನು ನೋಡಲು ಕೊಟ್ಟ ವೀಸಾದಲ್ಲಿ ಹೋಗಿ ಕೂಲಿಗೆ ನಿಂತರೆ ಅದು ಅಲ್ಲಿ ಅಪರಾಧ. ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. ಪಶುಪತಿನಾಥನ ದರ್ಶನಕ್ಕೆ ಹೋಗುವವರಿಗೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು.

ಪಾಸ್‌ಪೋರ್ಟಿಗೆ ಶಿವಮೊಗ್ಗದ ಅಂಚೆ ಕಚೇರಿಯ ಸೇವಾ ಕೇಂದ್ರದಲ್ಲಿಯೇ ಕಾಗದ ತೋರಿಸಬಹುದು. ದೊಡ್ಡವರಿಗೆ ಅದು 10 ವರ್ಷ ನಡೆಯುತ್ತದೆ, ಮಕ್ಕಳಿಗೆ 5 ವರ್ಷ. ಹಲವು ದೇಶಗಳು ಇನ್ನೂ 6 ತಿಂಗಳ ಅವಧಿ ಉಳಿದಿಲ್ಲದ ಪಾಸ್‌ಪೋರ್ಟನ್ನು ಒಪ್ಪುವುದಿಲ್ಲ. ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ. ಆಧಾರದಲ್ಲಿ ಒಂದು, ಶಾಲೆಯ ಅಂಕಪಟ್ಟಿಯಲ್ಲಿ ಇನ್ನೊಂದು, ಊರ ಹೆಸರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಹುಟ್ಟಿದ ದಿನವೂ ಹಾಗೆಯೇ. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡದ್ದು ಎಷ್ಟು ಮನೆಗಳಲ್ಲಿಲ್ಲ! ಇವನ್ನು ಮೊದಲೇ ಒಂದಾಗಿಸಿಕೊಳ್ಳಿರಿ. 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಆಧಾರ.

ಹತ್ತನೆಯ ತರಗತಿ ಮುಗಿಸದವರು ಇದನ್ನು ಗಮನವಿಟ್ಟು ಓದಬೇಕು. ಅಂಥವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂಬ ಗುರುತು ಇರುತ್ತದೆ. ಸೌದಿ, ಕುವೈತ್, ಒಮಾನ್, ಕತಾರ್, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿಯೂ ಬೇಕು. ಇದು ತೊಂದರೆ ಕೊಡಲು ಮಾಡಿದ್ದಲ್ಲ. 1983ರ ವಲಸೆ ಕಾಯಿದೆಯಂತೆ ಆ ಅಧಿಕಾರಿ ಸಂಬಳದ ಕರಾರುಪತ್ರವನ್ನು ನೋಡುತ್ತಾನೆ. ಜೊತೆಗೆ 10 ಲಕ್ಷ ರೂಪಾಯಿಯ ವಿಮೆಯೂ ಆಗುತ್ತದೆ. “ಇದೆಲ್ಲ ಯಾಕೆ, ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ” ಎನ್ನುವ ದಲಾಲಿಯ ಮಾತಿಗೆ ಅಡಿಕೆ ತೋಟ ಅಡವಿಡಬೇಡಿರಿ. ಆ ದಾರಿಯಲ್ಲಿ ಹೋದವನಿಗೆ ಕರಾರೂ ಇಲ್ಲ, ವಿಮೆಯೂ ಇಲ್ಲ. ಪರವಾನಗಿ ಪಡೆದ ಏಜೆಂಟರ ಹೆಸರು ಸರ್ಕಾರದ ಇಮೈಗ್ರೇಟ್ ಜಾಲತಾಣದಲ್ಲಿದೆ. ಓದು ಬಲ್ಲ ಮಕ್ಕಳಿಂದ ನೋಡಿಸಿರಿ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ರಸೀದಿ ಕೇಳಿ ಪಡೆಯಿರಿ.

ನಮ್ಮ ಸೀಮೆಗೇ ಹತ್ತಿರದ ಒಂದು ಸಂಗತಿ ಇದೆ. ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮತ್ತು ತೈಲದ ವ್ಯಾಪಾರಕ್ಕೆ ಆಫ್ರಿಕದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಕಾಳಗ ಹತ್ತಿತು. ಅಲ್ಲಿದ್ದ ನಮ್ಮವರು ಅನ್ನ ನೀರಿಗೂ ಕಷ್ಟಪಟ್ಟು ಮನೆಯೊಳಗೇ ಸಿಕ್ಕಿಕೊಂಡರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ 3,800ಕ್ಕೂ ಹೆಚ್ಚು ಜನರನ್ನು ಹಡಗು, ವಿಮಾನಗಳಲ್ಲಿ ಕರೆತಂದಿತು. ಬೆಂಗಳೂರಿಗೆ ಬಂದಿಳಿದವರಲ್ಲಿಯೂ ಕೆಲವರು ಆ ಕೂಡಲೆ ಮನೆ ಸೇರಲಾಗಲಿಲ್ಲ. ಹಳದಿ ಜ್ವರದ ಚುಚ್ಚುಮದ್ದಿನ ಪತ್ರ ಇಲ್ಲದವರನ್ನು ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ಇರಿಸಿಕೊಂಡರು.

ಈ ಜ್ವರ ಸೊಳ್ಳೆಯಿಂದ ಹರಡುವುದು. ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಆ ರೋಗ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೇ ಇಷ್ಟು ಬಿಗಿ. ಆಫ್ರಿಕದ ಹಾಗೂ ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು 10 ದಿನ ಮುಂಚಿತವಾಗಿಯಾದರೂ, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಇದನ್ನು ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಪತ್ರ ಜೀವಮಾನಕ್ಕೆ ನಡೆಯುತ್ತದೆ.

ಪಾಸ್‌ಪೋರ್ಟ್, ವೀಸಾ, ಕರಾರುಪತ್ರ ಮೂರರ ನಕಲನ್ನೂ ಮನೆಯಲ್ಲಿ ಪಹಣಿಯ ಜೊತೆ ಇಟ್ಟು ಹೋಗಿರಿ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಭಾರತದ ರಾಯಭಾರ ಕಚೇರಿ ಊರಿಗೆ ಮರಳಲು ತುರ್ತು ಪತ್ರ ಕೊಡುತ್ತದೆ. ನಕಲು ಕೈಯಲ್ಲಿದ್ದರೆ ಆ ಕೆಲಸ ಬೇಗ ಆಗುತ್ತದೆ.

ಇನ್ನು ಗಂಟುಮೂಟೆಯ ಮಾತು. ಮಗನಿಗೆ ಪಾಯಸ ಇಷ್ಟವೆಂದು ತಾಯಂದಿರು ಗಸಗಸೆ ಕಟ್ಟಿ ಕೊಡುವುದುಂಟು. ದುಬೈ, ಸೌದಿ ಕಡೆ ಅದು ಅಫೀಮಿನ ಲೆಕ್ಕ, ಜೈಲಿಗೆ ಹೋಗಬೇಕಾದೀತು. ದುಬೈಗೆ ವೀಳ್ಯದೆಲೆಯೂ ನಿಷಿದ್ಧ. ಅಮೆರಿಕದಲ್ಲಿ ಇಳಿದಾಗ, ಹೊಲ ಗದ್ದೆಯಲ್ಲಿ ಓಡಾಡಿದ್ದೀರಾ, ದನಕರುಗಳ ಹತ್ತಿರ ಇದ್ದಿರಾ ಎಂದು ಕೇಳುತ್ತಾರೆ. ನಮಗೆ ನಗು ಬಂದೀತು, ಆದರೆ ಹೌದೆಂದೇ ಹೇಳಬೇಕು. ಕೆಸರು ಮೆತ್ತಿದ ಚಪ್ಪಲಿಯನ್ನು ಊರಿನಲ್ಲಿಯೇ ತೊಳೆದುಕೊಂಡು ಹೋದರಾಯಿತು. ಬೀಜ, ಸಸಿ, ಹಣ್ಣುಗಳನ್ನು ಒಯ್ಯಬೇಡಿರಿ. ಅಲ್ಲಿಂದಲೂ ಬೀಜ ಸಸಿಗಳನ್ನು ತಕ್ಕ ಪತ್ರವಿಲ್ಲದೆ ತರುವಂತಿಲ್ಲ. ನೆರೆಯವರು ತಮ್ಮ ಮಗನಿಗೆಂದು ಪೊಟ್ಟಣ ಕೊಟ್ಟರೆ ಅವರೆದುರಿಗೇ ಬಿಚ್ಚಿಸಿ ನೋಡಿ ತೆಗೆದುಕೊಳ್ಳಿರಿ. ಬಿಚ್ಚಲು ಒಪ್ಪದಿದ್ದರೆ ಅಲ್ಲಿಯೇ ಬಿಟ್ಟು ಹೊರಡಿರಿ.