ಮಲೇರಿಯಾ ಅಂದರೆ ಕೆಟ್ಟ ಗಾಳಿ!

ಗೆಳೆಯರೇ, ಹೋದ ವರ್ಷ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಚಳಿಜ್ವರ ಬಂದಿತ್ತು. ಎರಡು ಕಂಬಳಿ ಹೊದಿಸಿದರೂ ಗಡಗಡ ನಡುಗುತ್ತಿದ್ದ. ಆಮೇಲೆ ಮೈ ಕೆಂಡದ ಹಾಗೆ ಸುಡುತ್ತಿತ್ತು. ಕೊನೆಗೆ ಬೆವರು ಕಿತ್ತು ಜ್ವರ ಇಳಿಯುತ್ತಿತ್ತು. ಒಂದು ದಿನ ಬಿಟ್ಟು ಒಂದು ದಿನ ಹೀಗೇ. ನಮ್ಮಜ್ಜಿ "ಹುಣಸೇಮರದ ಹತ್ರ ಆಡಕ್ಕೆ ಹೋಗಿದ್ದ, ಗಾಳಿ ಸೋಕೈತೆ" ಅಂತ ತಾಯತ ಕಟ್ಟಿಸಿದಳು. ಜ್ವರ ಬಿಡಲಿಲ್ಲ. ನನಗೆ ಬಹಳ ಹೆದರಿಕೆಯಾಯಿತು.

ಆಮೇಲೆ ನರ್ಸಮ್ಮ ಬಂದು ಅವನ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ರಕ್ತ ತೆಗೆದುಕೊಂಡು ಹೋದರು. ಮಲೇರಿಯಾ ಅಂತ ಗೊತ್ತಾಯಿತು. "ಜ್ವರ ಬಿಟ್ಟರೂ 14 ದಿನ ಮಾತ್ರೆ ತಪ್ಪಿಸಬಾರದು" ಅಂದರು. ತಮ್ಮ ಹುಷಾರಾದ.

ಮಳೆಗಾಲದಲ್ಲಿ ಬರುವುದರಿಂದ ‘ಮಳೆ’ಯಿಂದಲೇ ಮಲೇರಿಯಾ ಅಂತ ಹೆಸರು ಬಂದಿದೆ ಎಂದು ನಾನು ತಿಳಿದಿದ್ದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿದಾಗ ಅವರು ನಕ್ಕುಬಿಟ್ಟರು. ಅದು ಇಟಲಿ ಭಾಷೆಯ ಮಾತಂತೆ. ‘ಮಾಲಾ’ ಅಂದರೆ ಕೆಟ್ಟ, ‘ಆರಿಯಾ’ ಅಂದರೆ ಗಾಳಿ. ರೋಮ್ ಪಟ್ಟಣದ ಸುತ್ತ ಜೌಗು ನೆಲವಿತ್ತು. ಅಲ್ಲಿನ ಕೊಳೆತ ನೀರಿನ ಗಾಳಿ ಕುಡಿದರೆ ಜ್ವರ ಬರುತ್ತದೆ ಎಂದು ಜನ ನಂಬಿದ್ದರು. ಹಾಗಾಗಿ ಆ ಕೆಟ್ಟ ಗಾಳಿಯ ಹೆಸರೇ ರೋಗದ ಹೆಸರಾಯಿತು.

1880ರಲ್ಲಿ ಲ್ಯಾವರನ್ ಎಂಬ ಫ್ರೆಂಚ್ ವೈದ್ಯರು ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಒಂದು ಸೂಕ್ಷ್ಮಜೀವಿ ಕಂಡರು. ಅದು ಮೈಗೆ ಹೇಗೆ ಸೇರುತ್ತದೆ? 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು, ರೋಗಿಯ ರಕ್ತ ಕುಡಿದ ಅನಾಫಿಲಿಸ್ ಸೊಳ್ಳೆಯ ಹೊಟ್ಟೆ ಸೀಳಿ ನೋಡಿ, ಅದೇ ಜೀವಿ ಅಲ್ಲಿ ಬೆಳೆಯುವುದನ್ನು ಪತ್ತೆಮಾಡಿದರು. ಅವರಿಗೆ 1902ರಲ್ಲಿ ನೊಬೆಲ್ ಬಹುಮಾನ ಬಂತು. ತಪ್ಪು ಗಾಳಿಯದಲ್ಲ, ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಯದು! ಅರ್ಥ ಬದಲಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು.

ಇದನ್ನು ಅಜ್ಜಿಗೆ ಹೇಳಿದೆ. "ನೋಡ್ದಾ, ಗಾಳಿ ಅಂತ ನಾ ಆವತ್ತೇ ಹೇಳ್ಲಿಲ್ವಾ?" ಅಂದಳು! ಪೂರ್ತಿ ಕೇಳಿದ ಮೇಲೆ ಸುಮ್ಮನಾದಳು. ತಾಯತ ಬಿಚ್ಚಿಲ್ಲ, ಆದರೆ ಈಗ ನೀರಿನ ಡ್ರಮ್ಮಿಗೆ ಅವಳೇ ಬಟ್ಟೆ ಕಟ್ಟುತ್ತಾಳೆ.

ಗೆಳೆಯರೇ, ನಮ್ಮ ಶಾಲೆಯ ಹಿಂದಿನ ಸಿಮೆಂಟ್ ತೊಟ್ಟಿಗೆ ಮುಚ್ಚಳವಿಲ್ಲ. ನಿನ್ನೆ ನೋಡಿದೆ, ಮರಿಹುಳುಗಳು ಕುಣಿಯುತ್ತಿದ್ದವು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ತೊಟ್ಟಿ ಉಜ್ಜಬೇಕು. ಗುರುಗಳು ಒಪ್ಪಿದರೆ ಈ ಶನಿವಾರವೇ ಶುರು ಮಾಡೋಣ. ಪೊರಕೆ ನಾನು ತರುತ್ತೇನೆ. ನೀವೂ ಬರ್ತೀರಲ್ಲಾ?