ಕಲಿಯುವ ಯಂತ್ರವೂ ದುಡಿಯುವ ಮನುಷ್ಯನೂ

ಭಾರವಾದ ಬಂಡೆಯೊಂದನ್ನು ಸನ್ನೆಗೋಲಿನಿಂದ ಎತ್ತುವಾಗ ಕಡಮೆ ಬಲ ಸಾಕಾಗುತ್ತದೆ; ಆದರೆ ಕೋಲಿನ ನಮ್ಮ ಕಡೆಯ ತುದಿಯನ್ನು ಹೆಚ್ಚು ದೂರ ಒತ್ತಬೇಕಾಗುತ್ತದೆ. ಒಂದರಲ್ಲಿ ಗಳಿಸಿದ್ದನ್ನು ಮತ್ತೊಂದರಲ್ಲಿ ತೆರಬೇಕೆಂಬುದು ಯಂತ್ರಶಾಸ್ತ್ರದ ಮೊದಲ ಪಾಠ. ಸನ್ನೆಗೋಲಿನಲ್ಲಿ ಗಳಿಸುವವನೂ ತೆರುವವನೂ ಒಬ್ಬನೇ. ಸಮಾಜದಲ್ಲಿ ಯಂತ್ರವನ್ನು ಹೂಡಿದಾಗಲಾದರೋ ಗಳಿಸುವವನು ಒಬ್ಬ, ತೆರುವವನು ಇನ್ನೊಬ್ಬ ಆಗಬಹುದು. ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಇಂದು ಎದ್ದಿರುವ ಪ್ರಶ್ನೆ ಇದೇ.

ಹಳೆಯ ಗಣಕಯಂತ್ರಕ್ಕೆ ಮಾಡಬೇಕಾದ ಪ್ರತಿಯೊಂದು ಹೆಜ್ಜೆಯನ್ನೂ ಮನುಷ್ಯನೇ ಬರೆದುಕೊಡಬೇಕಾಗಿತ್ತು. ಈ ಹೊಸ ಬಗೆಯ ಯಂತ್ರವು ಅಸಂಖ್ಯ ಉದಾಹರಣೆಗಳಿಂದ ಅವುಗಳಲ್ಲಡಗಿರುವ ಕ್ರಮವನ್ನು ತಾನೇ ಹಿಡಿಯುತ್ತದೆ. ಇದಕ್ಕೆ ತಳಹದಿ ಹಾಕಿದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಆ ಉದಾಹರಣೆಗಳೆಲ್ಲ ಬಹುಮಟ್ಟಿಗೆ ಮನುಷ್ಯರ ದುಡಿಮೆಯ ಫಲವೆಂಬುದನ್ನು ನಾವು ಮರೆಯಬಾರದು.

ಎರಿಕ್ ಬ್ರಿನ್ಯೋಲ್ಫ್‌ಸನ್ ಮೊದಲಾದ ಮೂವರು ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನೋಡೋಣ. ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ 5,179 ನೌಕರರ ಕೆಲಸವನ್ನು ಅವರು ಪರೀಕ್ಷಿಸಿದರು. ಇವರಲ್ಲಿ ಹೆಚ್ಚಿನವರು ಫಿಲಿಪೀನ್ಸ್ ದೇಶದವರು. ತಕ್ಕ ಉತ್ತರವನ್ನು ಸೂಚಿಸುವ ಯಂತ್ರದ ನೆರವು ದೊರೆತಾಗ, ಗಂಟೆಗೆ ಬಗೆಹರಿಸಿದ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇಕಡ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಈ ಹೆಚ್ಚಳ ಶೇಕಡ 34, ನುರಿತವರಲ್ಲಿ ಅತ್ಯಲ್ಪ. ಕಾರಣವು ಸ್ಪಷ್ಟ. ಯಂತ್ರವು ನುರಿತವರ ಸಂಭಾಷಣೆಗಳಿಂದಲೇ ಕಲಿತಿತ್ತು; ಅವರ ಜಾಣ್ಮೆಯನ್ನು ಹೊಸಬರಿಗೆ ಹಂಚಿತು. ಹಾಗಾದರೆ ಜಾಣ್ಮೆಯನ್ನು ಕೊಟ್ಟವರಿಗೆ ಪ್ರತಿಫಲ ಸಲ್ಲಬೇಡವೆ? ಸಂಶೋಧಕರೇ ಈ ಪ್ರಶ್ನೆಯನ್ನು ಎತ್ತಿದ್ದಾರೆ.

ಇನ್ನೊಂದು ಲೆಕ್ಕವುಂಟು. ನೂರು ಮಂದಿ ತಲಾ ಶೇಕಡ 14ರಷ್ಟು ಹೆಚ್ಚು ದುಡಿದರೆ, ಮೊದಲಿನ ಕೆಲಸಕ್ಕೆ 88 ಮಂದಿ ಸಾಕು. ಸೇವೆ ಅಗ್ಗವಾಗಿ ಬೇಡಿಕೆ ಬೆಳೆದರೆ ಉಳಿದ ಹನ್ನೆರಡು ಮಂದಿಗೂ ಕೆಲಸವಿರುತ್ತದೆ, ಬೆಳೆಯದಿದ್ದರೆ ಇಲ್ಲ.

ಇತಿಹಾಸದಲ್ಲಿ ಈ ಎರಡು ಪರಿಣಾಮಗಳಿಗೂ ನಿದರ್ಶನವಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಹಬ್ಬಿದವು. ಮನೆಯಲ್ಲಿ ನೂಲುತ್ತಿದ್ದ ಹೆಂಗಸರು ಸಂಪಾದನೆ ಕಳೆದುಕೊಂಡರು; ಆದರೆ ನೂಲು ಹೇರಳವಾದುದರಿಂದ ಕೈಮಗ್ಗದ ನೇಕಾರರಿಗೆ ಬೇಡಿಕೆ ಹೆಚ್ಚಿ ಕೂಲಿ ಏರಿತು. ಮುಂದಿನ ಶತಮಾನದಲ್ಲಿ ಯಂತ್ರಮಗ್ಗ ಹರಡಿದಾಗ ಅದೇ ನೇಕಾರರ ಕೂಲಿ ಕುಸಿಯಿತು. ಕೆಲಸಕ್ಕೆ ಒದಗಿಬಂದ ಯಂತ್ರ ಅವರನ್ನು ಬೆಳೆಸಿತು. ಕೆಲಸವನ್ನೇ ಕಸಿದುಕೊಂಡ ಯಂತ್ರ ಅವರನ್ನು ಕೆಡವಿತು. ಬಟ್ಟೆಯೇನೋ ಅಗ್ಗವಾಯಿತು.

ಅಂದಿನ ಯಂತ್ರ ತೋಳಿನ ಕೆಲಸಕ್ಕೆ ಕೈಹಾಕಿತು. ಇಂದಿನದು ಮೇಜಿನ ಕೆಲಸಕ್ಕೆ ಕೈಹಾಕಿದೆ. ಆದ್ದರಿಂದಲೇ ಪ್ರಪಂಚದ ಉದ್ಯೋಗಗಳಲ್ಲಿ ಸುಮಾರು ಶೇಕಡ 40, ಮುಂದುವರಿದ ದೇಶಗಳಲ್ಲಿ ಸುಮಾರು ಶೇಕಡ 60 ಇದರ ಪ್ರಭಾವಕ್ಕೆ ಒಳಗಾಗಬಹುದೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯು 2024ರಲ್ಲಿ ಅಂದಾಜು ಮಾಡಿತು. ಮುಂದುವರಿದ ದೇಶಗಳ ಆ ಉದ್ಯೋಗಗಳಲ್ಲಿ ಸುಮಾರು ಅರ್ಧಕ್ಕೆ ಅನುಕೂಲ, ಉಳಿದವಕ್ಕೆ ಪ್ರತಿಕೂಲವಾಗಬಹುದಂತೆ. ತಂತ್ರಾಂಶ ಬರೆಯುವ, ಪರದೇಶದ ಗ್ರಾಹಕರಿಗೆ ಉತ್ತರಿಸುವ ಕೆಲಸಗಳಿಂದ ಬೆಳೆದ ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು ಇಷ್ಟು: ಹೊಸಬನಿಗೆ ಹೆಚ್ಚು ನೆರವಾದ ಯಂತ್ರವೇ ಹೊಸಬನ ಕೆಲಸವನ್ನೂ ಮಾಡಬಲ್ಲದು. ಮೊದಲ ಮೆಟ್ಟಿಲೇ ಇಲ್ಲವಾದರೆ ನಾಳೆಯ ನುರಿತವರು ಎಲ್ಲಿಂದ ಬರಬೇಕು?

ಫಲ ಹೇಗೆ ಹಂಚಿಕೆಯಾಗಬೇಕೆಂಬುದನ್ನು ಯಂತ್ರವು ನಿರ್ಧರಿಸುವುದಿಲ್ಲ. ಅಮೆರಿಕದ ಚಲಚ್ಚಿತ್ರ ಲೇಖಕರು 2023ರಲ್ಲಿ 148 ದಿನ ಮುಷ್ಕರ ಹೂಡಿದರು. ಯಂತ್ರ ಹೊರಡಿಸಿದ ಬರಹವನ್ನು ಸಾಹಿತ್ಯಕೃತಿಯೆಂದು ಎಣಿಸಬಾರದೆಂದೂ, ಯಂತ್ರವನ್ನು ಬಳಸಲೇಬೇಕೆಂದು ಲೇಖಕರನ್ನು ಬಲಾತ್ಕರಿಸಬಾರದೆಂದೂ ನಿರ್ಮಾಪಕರಿಂದ ಒಪ್ಪಂದ ಪಡೆದರು. ಸಂಘಟನೆಯಿಲ್ಲದ ನೌಕರನಿಗೆ ಅಂಥ ಒಪ್ಪಂದ ದೊರೆಯುವುದು ಕಷ್ಟ. ಸನ್ನೆಗೋಲಿನ ನಿಯಮವನ್ನು ನಾವು ಬದಲಾಯಿಸಲಾರೆವು. ಹಂಚಿಕೆಯ ನಿಯಮವಾದರೋ ಮನುಷ್ಯರೇ ಮಾಡಿಕೊಂಡದ್ದು.